ಬಾಕಿ ಉಳಿದ ಮುಯ್ಯಿ

ಹೋದ ತಿಂಗಳು ಚನ್ನಪಟ್ಟಣದ ಒಂದು ಕಾಲೇಜಿನವರು ನನ್ನನ್ನು ಮಾತಾಡಲು ಕರೆದಿದ್ದರು. ಮದುವೆ, ಮಕ್ಕಳು, ಮನೆ ಅಂತ ಕೆಲಸ ಬಿಟ್ಟ ಹೆಣ್ಣುಮಕ್ಕಳಿಗೆ ಮತ್ತೆ ಕಂಪ್ಯೂಟರಿನ ಮುಂದೆ ಕೂರುವ ಧೈರ್ಯ ತುಂಬಬೇಕಿತ್ತು. ಅಂಥ ಕಡೆ ಹೇಳಲು ನನ್ನ ಹತ್ತಿರ ಒಂದು ಕತೆಯಿದೆ. ಹೇಳಿ ಹೇಳಿ ನುಣ್ಣಗಾಗಿದೆ. ಎಲ್ಲಿ ನಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಲ್ಲ ಗೊತ್ತು. ಅವತ್ತೂ ಹೇಳಿದೆ, ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಒಬ್ಬಳು, "ಮೇಡಂ, ಕಳಕೊಂಡಿದ್ದ ಧೈರ್ಯ ವಾಪಸ್ ಬಂತು ಅಂತ ನಿಮಗೆ ಗೊತ್ತಾಗಿದ್ದು ಯಾವತ್ತು?" ಎಂದು ಕೇಳಿದಳು. ಯಾವಾಗಲೂ ಹೇಳುವ ದಿನವನ್ನೇ ಹೇಳಿದೆ.

ಸಂಜೆ ರೈಲು ರಾಮನಗರದಲ್ಲಿ ನಿಂತಾಗ ಕಿಟಕಿಯಿಂದ ಗೂಡು ಬೇಯಿಸುವ ವಾಸನೆ ಬಂತು. ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುವ ಮನೆಗಳು ಈಗ ಮೊದಲಿನಷ್ಟಿಲ್ಲ, ಆದರೂ ಗಾಳಿ ತಿರುಗಿದರೆ ವಾಸನೆ ಬರುತ್ತದೆ. ಎದುರು ಕೂತವರು ಮೂಗಿಗೆ ಕರ್ಚೀಫು ಹಿಡಿದರು. ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂತೆ. ಆ ಹುಡುಗಿಗೆ ಹೇಳಿದ ದಿನ ಸರಿಯಾದ ದಿನವಲ್ಲ. ಅದು ಇಷ್ಟು ವರ್ಷದಿಂದ ನನಗೆ ಗೊತ್ತಿದೆ.

ಬಿಡದಿಯಲ್ಲಿ ನೋಡನೋಡುತ್ತ ಶೆಡ್ಡುಗಳು ಏಳುತ್ತಿದ್ದ ಕಾಲ ಅದು. ಕಾರು ತಯಾರಿಸುವ ದೊಡ್ಡ ಕಾರ್ಖಾನೆ ಬಂದಮೇಲೆ ಅದಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. ಬೆಳಗಾದರೆ ಮೈಸೂರು ರಸ್ತೆಯುದ್ದಕ್ಕೂ ಬೂದುಬಣ್ಣದ ಅಂಗಿ ತೊಟ್ಟ ಹುಡುಗರು ಕಂಪನಿ ಬಸ್ಸಿಗೆ ಕಾಯುತ್ತ ನಿಂತಿರುತ್ತಿದ್ದರು. ಅದೇ ಹುಡುಗರು ಹಿಂದಿನ ವರ್ಷ ಸೈಕಲ್ಲಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೇರಿಕೊಂಡು ಹೋಗುತ್ತಿದ್ದುದನ್ನು ನಾನೇ ಕಂಡಿದ್ದೆ.

ನಾನೂ ಮಾಗಡಿ ಕಡೆಯ ರೇಷ್ಮೆ ಮನೆಯ ಹುಡುಗಿಯೇ. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಅಂಗಡಿಗಳಿಗೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಡುವ ಒಂದು ಚಿಕ್ಕ ಕಚೇರಿಯಲ್ಲಿ ಕೆಲಸ ಮಾಡಿದ್ದೆ. ಆಗ ಕಪ್ಪು ಪರದೆ, ಹಸಿರು ಅಕ್ಷರ. ನಾನು ಚುರುಕು ಅಂತ ಹೆಸರಿತ್ತು, ಜಂಬವೂ ಇತ್ತು. ಮದುವೆಯಾಗಿ ರಾಮನಗರಕ್ಕೆ ಬಂದಮೇಲೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದೆ. ಬಸುರಿಯಾದಾಗ ರೈಲಿನ ನೂಕುನುಗ್ಗಲು ಬೇಡವೆಂದು ಬಿಟ್ಟೆ. ಮಗು ಒಂಚೂರು ದೊಡ್ಡದಾಗಲಿ ಅಂದೆ, ಆಮೇಲೆ ಸ್ಕೂಲಿಗೆ ಸೇರಲಿ ಅಂದೆ. ಹಾಗೆ ಅನ್ನುತ್ತ ಅನ್ನುತ್ತ ಎಂಟೊಂಬತ್ತು ವರ್ಷ ಹೋದವು. ಯಾರೂ ಬೇಡ ಅಂದಿರಲಿಲ್ಲ. ಯಾರಾದರೂ ಅಂದಿದ್ದರೆ ಜಗಳವಾಡಿಕೊಂಡಾದರೂ ಹೋಗುತ್ತಿದ್ದೆನೋ ಏನೋ.

ನನ್ನ ಗಂಡ ಹೈಸ್ಕೂಲು ಮೇಷ್ಟರು. ಅವರ ಗೆಳೆಯರೊಬ್ಬರಿಂದ ಸುದ್ದಿ ಬಂತು: ಬಿಡದಿಯ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಯಾರು ಯಾವ ಶಿಫ್ಟಿಗೆ ಬಂದರು, ಯಾರು ಬರಲಿಲ್ಲ ಎಂಬುದನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕಂತೆ, ಹತ್ತಿರದವರೇ ಬೇಕಂತೆ. ಹೋದೆ. ಮ್ಯಾನೇಜರು ನನ್ನ ಹಳೆಯ ಸರ್ಟಿಫಿಕೇಟುಗಳನ್ನು ತಿರುವಿ ನೋಡಿ, "ಗ್ಯಾಪ್ ಜಾಸ್ತಿ ಇದೆಯಲ್ಲ ಮೇಡಂ" ಅಂದರು. ನಾನು ತಪ್ಪು ಮಾಡಿದವಳಂತೆ ಕೂತೆ. "ಈ ವರ್ಷ ಮುಗಿಯೋವರೆಗೂ ನೋಡೋಣ. ನೀವು ಬರೆದಿದ್ದು ಓಡಿದರೆ ಕೆಲಸ ಖಾಯಂ. ಇಲ್ಲಾಂದ್ರೆ ಹೊರಗಿನ ಕಂಪನಿಗೆ ಕೊಟ್ಟುಬಿಡ್ತೀನಿ." ಅದಕ್ಕಿಂತ ಹೆಚ್ಚು ನನಗೂ ಬೇಕಿರಲಿಲ್ಲ. ನನಗೆ ಇನ್ನೂ ಬರುತ್ತದೋ ಇಲ್ಲವೋ ಎಂಬುದು ಇತ್ಯರ್ಥವಾಗಬೇಕಿತ್ತು, ಅಷ್ಟೆ.

ಬರುತ್ತಿರಲಿಲ್ಲ. ಮೊದಲ ವಾರವೇ ಅದು ಗೊತ್ತಾಯಿತು. ನಾನು ಕಲಿತದ್ದೆಲ್ಲ ಹಳೆಯದಾಗಿ ಹೋಗಿತ್ತು; ಹೊಸ ಕಂಪ್ಯೂಟರಿನಲ್ಲಿ ಎಲ್ಲ ಬಣ್ಣದ ಚೌಕಗಳು, ಗುಂಡಿಗಳು. ಹೊಸದಿರಲಿ, ಒಂದು ಲೂಪ್ ಬರೆಯಲು ಹೋಗಿ ಅದನ್ನು ನಿಲ್ಲಿಸುವ ಸಾಲನ್ನೇ ಮರೆತೆ. ಕಂಪ್ಯೂಟರು ಸುತ್ತುತ್ತಲೇ ಇತ್ತು. ಏನು ಮಾಡುವುದು ತಿಳಿಯದೆ ಗೋಡೆಯ ಪ್ಲಗ್ಗನ್ನೇ ಕಿತ್ತೆ. ಒಂದು ದಪ್ಪ ಪುಸ್ತಕ ಕೊಂಡು ತಂದು, ಸೆರಗಿನ ಮರೆಯಲ್ಲಿ ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಮಕ್ಕಳ ಹಾಗೆ ಬಗ್ಗಿ ಬಗ್ಗಿ ನೋಡಿ ಬರೆಯುತ್ತಿದ್ದೆ. ಯಾರಾದರೂ ಬಂದರೆ ಸೆರಗು ಸರಿಮಾಡಿಕೊಳ್ಳುವ ನಾಟಕ.

ಟೈಮ್ ಆಫೀಸಿನಲ್ಲಿ ನನ್ನ ಜೊತೆಗಿದ್ದವರು ಚಿಕ್ಕಣ್ಣನವರು. ಹಾಜರಿ ಬರೆಯುವವರು, ರಾಮನಗರದ ಪಕ್ಕದ ಹಳ್ಳಿಯವರು, ಕಾರ್ಖಾನೆಯ ಹುಡುಗರೆಲ್ಲರ ಮನೆತನ ಬಲ್ಲವರು. ನನ್ನ ನಾಟಕ ಅವರಿಗೆ ಮೊದಲ ದಿನವೇ ತಿಳಿದಿತ್ತು.

"ಅದ್ಯಾಕವ್ವ ಬಸುರಿ ಹಂಗೆ ಹೊಟ್ಟೆ ಮುಚ್ಕೊಂಡು ಕೂತ್ಕತ್ತೀಯ? ಮೇಜಿನ್ ಮ್ಯಾಲೆ ಮಡಿಕ್ಕೊಂಡು ಓದು. ಇಲ್ಲಿ ಯಾರ್ ಕೇಳ್ತಾರೆ?" ಅಂದರು ಒಂದು ದಿನ. ನಾಚಿಕೆಯಾಗಿ ಅಳುವೇ ಬಂತು. ಆದರೂ ಪುಸ್ತಕ ಮೇಜಿನ ಮೇಲೆ ಬಂತು.

ಮಳೆ ಹಿಡಿಯುವ ಹೊತ್ತಿಗೆ ಪ್ರೋಗ್ರಾಂ ತೆವಳಿಕೊಂಡು ಓಡತೊಡಗಿತು. ಗೇಟಿನಲ್ಲಿ ಹುಡುಗರು ಕಾರ್ಡು ಒತ್ತಿದ ಹೊತ್ತನ್ನು ಕಂಪ್ಯೂಟರಿಗೆ ಹಾಕಿದರೆ ಸಂಜೆಗೆ ಯಾರು ಯಾವ ಶಿಫ್ಟು ದುಡಿದರು ಎಂದು ತೋರಿಸಬೇಕು. ಪ್ರೋಗ್ರಾಮಿನ ಪರೀಕ್ಷೆಯ ಕಾಲವಾದ್ದರಿಂದ ಚಿಕ್ಕಣ್ಣನವರೂ ಎಂದಿನಂತೆ ಹಾಜರಿ ಬರೆಯುತ್ತಿದ್ದರು. ಎರಡೂ ತಾಳೆಯಾದರೆ ನಾನು ಗೆದ್ದಂತೆ. ಕೆಲವು ದಿನ ತಾಳೆಯೂ ಆಯಿತು. ಆಮೇಲೆ ಒಂದು ವಾರ ಎಲ್ಲ ಎಕ್ಕುಟ್ಟಿಹೋಯಿತು. ಶಿವಲಿಂಗು ಎಂಬ, ತಗಡು ಒತ್ತುವ ಪ್ರೆಸ್ಸಿನ ಹುಡುಗ ಬೆಳಗಿನ ಶಿಫ್ಟಿಗೆ ಬಂದೇ ಇಲ್ಲ ಅನ್ನುತ್ತಿತ್ತು ಕಂಪ್ಯೂಟರು. ಚಿಕ್ಕಣ್ಣನವರ ಹಾಜರಿಯಲ್ಲಿ ಅವನು ಬಂದಿದ್ದಾನೆ. ಮಧ್ಯಾಹ್ನದ ಶಿಫ್ಟಿನ ನವಾಜ್ ಬೆಳಿಗ್ಗೆಯೇ ಬಂದು ಎರಡು ಪಾಳಿ ದುಡಿದಿದ್ದಾನೆ ಅನ್ನುತ್ತಿತ್ತು. ಹಾಜರಿಯಲ್ಲಿ ಅವನದು ಒಂದೇ ಪಾಳಿ.

ಪ್ರೋಗ್ರಾಮಿನಲ್ಲೇ ತಪ್ಪಿದೆ ಎಂದುಕೊಂಡೆ. ಬೇರೆ ಯೋಚನೆಯೇ ಹೊಳೆಯಲಿಲ್ಲ. ಬಹಳ ದಿನ ಬಿಟ್ಟು ಮರಳಿದವರಿಗೆ ಹಿಡಿಯುವ ರೋಗ ಇದು, ಎಲ್ಲಿ ಏನು ಕೆಟ್ಟರೂ ಕೆಡಿಸಿದ ಕೈ ನಮ್ಮದೇ ಅನ್ನಿಸುತ್ತದೆ. ಒಂದೊಂದು ಸಾಲನ್ನೂ ಅಕ್ಕಿ ಆರಿಸಿದಂತೆ ಆರಿಸಿದೆ. ಸರಿಯಿದ್ದುದನ್ನು ತಿದ್ದಿ ಕೆಡಿಸಿದೆ, ಕೆಡಿಸಿದ್ದನ್ನು ಮತ್ತೆ ತಿದ್ದಿದೆ. ಮನೆಯಲ್ಲಿ ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು. "ಆಗದಿದ್ದರೆ ಬಿಟ್ಟುಬಿಡು, ಯಾರು ಏನಂತಾರೆ?" ಅಂದರು ಗಂಡ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆ ಮಾತು ಕೇಳಿದ್ದೇ ನನಗೆ ಬಿಡಬಾರದು ಅನ್ನಿಸಿತು.

ಮಾರನೆಯ ದಿನ ಬೆಳಗಿನ ಬಸ್ಸು ಬರುವ ಮೊದಲೇ ಹೋಗಿ ಗೇಟಿನ ಹತ್ತಿರ ನಿಂತೆ. ಬಸ್ಸು ಬಂತು. ನವಾಜ್ ಇಳಿದು, ಕಾರ್ಡು ಒತ್ತಿ, ನನಗೊಂದು ನಮಸ್ಕಾರ ಹಾಕಿ ಒಳಗೆ ಹೋದ. ಶಿವಲಿಂಗು ಇಳಿಯಲೇ ಇಲ್ಲ. ಕಂಪ್ಯೂಟರು ಹೇಳಿದ್ದೇ ಸರಿಯಾಗಿತ್ತು. ನೇರ ಚಿಕ್ಕಣ್ಣನವರ ಹತ್ತಿರ ಹೋದೆ.

"ಶಿವಲಿಂಗು ಎಲ್ಲಿ, ಚಿಕ್ಕಣ್ಣನೋರೆ?"

"ಅವ್ನ ಮನೇಲಿ ಹುಳ ಹಣ್ಣಾಗವೆ ಕಣವ್ವ. ಅವ್ರವ್ವ ಒಬ್ಳೆ. ಅದ್ಕೆ ನವಾಜು ಅವ್ನ್ ಪಾಳಿನೂ ಗೇಯ್ತಾವ್ನೆ. ರಂಜಾನ್ ಬಂದಾಗ ಶಿವಲಿಂಗು ನವಾಜನ್ ಪಾಳಿ ಗೇಯ್ತಾನೆ. ಮುಯ್ಯಿ."

"ಹಾಜರೀಲಿ ಇಬ್ಬರದೂ ಇದೆಯಲ್ಲ?"

"ನಾನ್ ಹಾಕ್ದೆ. ಯಾರ್ದೋ ಕೆಲ್ಸ ಯಾರೋ ಮಾಡುದ್ರು. ಕೆಲ್ಸ ನಿಂತೋಯ್ತಾ?"

ನನಗೆ ನಗು ತಡೆಯಲಾಗಲಿಲ್ಲ. ಮುಯ್ಯಿ ನನಗೆ ಗೊತ್ತಿಲ್ಲವೇ? ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಹುಳ ಒಂದು ವಾರ ಬಕಾಸುರನ ಹಾಗೆ ಸೊಪ್ಪು ತಿಂದು, ಒಂದು ದಿನ ತಿನ್ನುವುದು ಬಿಟ್ಟು ತಲೆ ಎತ್ತುತ್ತದೆ. ಮೈ ಹಳದಿಗೆ ತಿರುಗುತ್ತದೆ. ಹಣ್ಣಾಯಿತು ಅನ್ನುವುದು ಅದಕ್ಕೇ. ಆಗ ಆರಿಸಿ ಆರಿಸಿ ಚಂದ್ರಿಕೆಗೆ ಬಿಡಬೇಕು, ಬಿದಿರಿನ ಆ ದೊಡ್ಡ ತಟ್ಟೆಯ ಮೇಲೆ ಅವು ಗೂಡು ಕಟ್ಟುತ್ತವೆ. ತಡವಾದರೆ ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಬೆಳೆ ಹಾಳು. ಒಂದು ಮನೆಯವರ ಕೈಗೆ ಆಗುವ ಕೆಲಸವಲ್ಲ. ನಮ್ಮ ಮನೆಯಲ್ಲಿ ಹುಳ ಹಣ್ಣಾದರೆ ಪಕ್ಕದ ಮನೆಯವರು ಬರುತ್ತಿದ್ದರು, ಅವರ ಮನೆಗೆ ಅಮ್ಮ ನನ್ನನ್ನು ಸ್ಕೂಲು ಬಿಡಿಸಿ ಕಳಿಸುತ್ತಿದ್ದಳು. ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಅದೇ ಮುಯ್ಯಿಯನ್ನು ಈ ಹುಡುಗರು ಬೂದುಬಣ್ಣದ ಅಂಗಿಯ ಜೊತೆ ಕಾರ್ಖಾನೆಯ ಒಳಕ್ಕೆ ತಂದಿದ್ದರು. ಶಿವಲಿಂಗು ಒಬ್ಬನೇ ಅಲ್ಲ, ಹೀಗೆ ಜೋಡಿ ಜೋಡಿಯಾಗಿ ಇನ್ನೂ ಎಷ್ಟೋ ಜನ ಇದ್ದರು.

ಅವತ್ತು ಕೂತವಳು ಊಟಕ್ಕೂ ಏಳಲಿಲ್ಲ. ಯಾರು, ಯಾರಿಗಾಗಿ, ಯಾವ ಪಾಳಿ, ತೀರಿತೋ ಬಾಕಿಯೋ. ಮುಯ್ಯಿಗೇ ಒಂದು ಟೇಬಲ್, ಅಂದರೆ ಲೆಕ್ಕದ ಪಟ್ಟಿ ಮಾಡಿ, ಒಬ್ಬ ಇನ್ನೊಬ್ಬನಿಗಾಗಿ ದುಡಿದ ಪಾಳಿ ಆ ಇನ್ನೊಬ್ಬನ ಹೆಸರಿಗೇ ಸೇರುವಂತೆ ಬರೆದೆ. ಪುಸ್ತಕದಲ್ಲಿ ಎಲ್ಲೂ ಇಲ್ಲದ್ದು, ಆದರೆ ನನಗೆ ಚಿಕ್ಕಂದಿನಿಂದ ಗೊತ್ತಿದ್ದದ್ದು. ಎರಡು ಮೂರು ಸಲ ಎರರ್ ಬಂತು, ಹೆದರಿಕೆಯಾಗಲಿಲ್ಲ. ಪುಸ್ತಕ ನೋಡಿ ಸರಿಮಾಡಿದೆ. ಸಂಜೆ ಓಡಿಸಿದರೆ ಹಾಜರಿಗೂ ಕಂಪ್ಯೂಟರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನು ಕಾಲೇಜುಗಳಲ್ಲಿ ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ. ಆ ದಿನದ ಸಂತೋಷ ಸುಳ್ಳಲ್ಲ. ಮನೆಗೆ ಹೋಗಿ ಮಗಳಿಗೆ ಕಾರಣ ಹೇಳದೆ ಪಾಯಸ ಮಾಡಿಕೊಟ್ಟೆ.

ಚಿಕ್ಕಣ್ಣನವರು ಪರದೆಯನ್ನು ಬಹಳ ಹೊತ್ತು ನೋಡಿದರು. "ಚೆಂದಾಗೈತೆ. ಆದ್ರೆ ಇದ್ನೂ ಬರೀಬೇಕೇನವ್ವ?" ಎಂದರು. ಹಳೆಯ ಕಾಲದವರು, ಕಂಪ್ಯೂಟರು ಕಂಡರೆ ಅನುಮಾನ ಎಂದುಕೊಂಡು ನಕ್ಕೆ. ಆ ಮಾತನ್ನು ಅವತ್ತು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಬೆಳೆ ಮುಗಿದ ಮೇಲೆ ಕೆಲಸಕ್ಕೆ ಮರಳಿದ ಶಿವಲಿಂಗುವಿಗೆ ನವಾಜನನ್ನೂ ಕರೆದು ತೋರಿಸಿದೆ. ಪರದೆಯ ಮೇಲೆ ಇಬ್ಬರ ಹೆಸರೂ ಅಕ್ಕಪಕ್ಕ, ಮುಂದೆ 'ಬಾಕಿ'.

"ನೋಡ್ಲಾ, ಇನ್ ತಪ್ಪಿಸ್ಕಳಕ್ಕಾಗಕಿಲ್ಲ ನೀನು. ಅಕ್ಕ ಬರ್ಕೊಂಡವ್ರೆ" ಅಂದ ನವಾಜ್.

"ನಾನ್ಯಾವತ್ಲಾ ತಪ್ಪಿಸ್ಕಂಡಿದ್ದೆ? ರಂಜಾನ್‌ನಾಗೆ ನಿಂಗೆ ಸೆಕೆಂಡ್ ಶಿಫ್ಟ್ ಬಿದ್ದೇಟ್ಗೆ ನಾನ್ ಬತ್ತೀನಿ. ನೀನ್ ಹೋಗಿ ನಿಮ್ಮಪ್ಪನ್ ಜೊತೆ ಕೂತ್ಕೊಂಡು ಉಣ್ಣು" ಅಂದ ಶಿವಲಿಂಗು.

ನವಾಜನ ಅಪ್ಪ ರಾಮನಗರದಲ್ಲಿ ನೂಲು ಬಿಚ್ಚುವವರು. ಮಗ ಪಕ್ಕದಲ್ಲಿಲ್ಲದೆ ಸಂಜೆ ರೋಜಾದ ಉಪವಾಸ ಬಿಡಲು ಖರ್ಜೂರ ಮುಟ್ಟುವುದಿಲ್ಲವಂತೆ. ಶಿವಲಿಂಗುವಿನ ಮನೆಯ ಗೂಡು ಎಷ್ಟೋ ಸಲ ಮಾರುಕಟ್ಟೆಯಿಂದ ನವಾಜನ ಮನೆಗೇ ಹೋಗಿ ಬೇಯುತ್ತಿತ್ತು. ಒಂದು ಭಾನುವಾರ ಶಿವಲಿಂಗು ನಮ್ಮನ್ನೆಲ್ಲ ತನ್ನ ಹಳ್ಳಿಗೆ ಊಟಕ್ಕೆ ಕರೆದ. ಅವನ ತಾಯಿ ಹೊಸ ಮರಿಹುಳಕ್ಕೆ ಎಳೆಸೊಪ್ಪು ಹೆಚ್ಚುತ್ತಿದ್ದರು. ನಾನೂ ಒಂದು ಕುಡುಗೋಲು ತೆಗೆದುಕೊಂಡು ಕೂತೆ. ನನ್ನ ಕೈ ನೋಡಿ, "ನೀನೂ ಹುಳದ್ ಮನೇವ್ಳೆಯ ಅನ್ನು. ಹಂಗಾರೆ ನನ್ ಮಗುಂಗೆ ಅಲ್ಲೊಬ್ರು ದಿಕ್ಕವ್ರೆ" ಅಂದರು. ಎದೆ ಉಬ್ಬಿತು ನನಗೆ.

ಅದೇ ಉಬ್ಬಿದ ಎದೆಯಲ್ಲಿ ಮ್ಯಾನೇಜರ ಮುಂದೆ ಪ್ರೋಗ್ರಾಂ ತೋರಿಸಲು ಹೋದೆ. ಹಾಜರಿ ತೋರಿಸಿದೆ, ಓವರ್‌ಟೈಮಿನ ಲೆಕ್ಕ ತೋರಿಸಿದೆ. ತಲೆಯಾಡಿಸಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನನಗೆ ಹೆಮ್ಮೆಯಿದ್ದದ್ದು ಅದರಲ್ಲಿ ಅಲ್ಲವಲ್ಲ. "ಸರ್, ಇದು ನೋಡಿ, ಇದು ಯಾವ ಹೊರಗಿನ ಕಂಪನಿಯವರೂ ಮಾಡಿಕೊಡೋದಿಲ್ಲ" ಎಂದು ಮುಯ್ಯಿಯ ಟೇಬಲ್ ತೆರೆದೆ.

ಅವರು ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ನೋಡುತ್ತಾ ಹೋದರು. "ಇಷ್ಟೊಂದು ಅದಲು ಬದಲು ನಡೀತಿದೆಯಾ ಇಲ್ಲಿ?"

ಆಗ ಗೊತ್ತಾಯಿತು, ಅಲ್ಲಿಯವರೆಗೆ ಇದು ಟೈಮ್ ಆಫೀಸಿನ ಬಾಗಿಲು ದಾಟಿರಲೇ ಇಲ್ಲ. ಚಿಕ್ಕಣ್ಣನವರ ಮಾತಿನ ಅರ್ಥವೂ ಆಗ ತಿಳಿಯಿತು. ಮ್ಯಾನೇಜರು ಕೆಟ್ಟವರಲ್ಲ. ಎರಡು ಪಾಳಿ ದುಡಿದು ಸುಸ್ತಾದವನು ಪ್ರೆಸ್ಸಿನಲ್ಲಿ ಕೈ ಸಿಕ್ಕಿಸಿಕೊಂಡರೆ ಯಾರು ಹೊಣೆ ಅಂದರು. ಹುಳ ಹಣ್ಣಾಗುವುದು, ಒಬ್ಬಳೇ ತಾಯಿ, ಮುಯ್ಯಿ ಅಂತೆಲ್ಲ ಹೇಳಿದೆ. ಹೇಳುತ್ತಿದ್ದಂತೆ ನನಗೇ ಅದು ಕೈಲಾಗದವರ ಸಬೂಬಿನಂತೆ ಕೇಳಿಸಿತು. "ಬೇಕಾದರೆ ರಜೆ ಹಾಕಲಿ" ಅಂದರು. ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗರಿಗೆ ರಜೆ ಎಲ್ಲಿಂದ ಬರಬೇಕು?

"ಒಬ್ಬರ ಪಾಳಿಗೆ ಇನ್ನೊಬ್ಬರು ಬಂದರೆ, ಗೇಟಿನಲ್ಲೊಂದು ಕಂಪ್ಯೂಟರ್ ಇಟ್ಟು ಅಲ್ಲೇ ತಡೀಬೇಕು. ಅದನ್ನು ಪ್ರೋಗ್ರಾಮಿಗೆ ಹಾಕಿಬಿಡಿ. ನಿಮಗೆ ಆಗುತ್ತೆ ತಾನೇ? ಇಲ್ಲ, ಹೊರಗಿನವರನ್ನ ಕರೆಸಲೋ?"

ಆಗುವುದಿಲ್ಲ ಅನ್ನಬಹುದಿತ್ತು. ಅದೊಂದು ಮಾತು ಮಾತ್ರ ನನ್ನ ಬಾಯಿಂದ ಬರಲಾರದಾಗಿತ್ತು. ಒಂಬತ್ತು ವರ್ಷ ಅದನ್ನೇ ಅಂದುಕೊಂಡು ಬದುಕಿದ್ದೆ. "ಆಗುತ್ತೆ ಸರ್" ಅಂದೆ.

ಗೇಟಿನಲ್ಲಿ ಅದು ಶುರುವಾದ ದಿನ ಶಿವಲಿಂಗು ನನ್ನ ಮೇಜಿನ ಹತ್ತಿರ ಬಂದ. ಕೋಪವಿರಲಿಲ್ಲ. "ಅಕ್ಕ, ಒಸಿ ದಿನ ಬುಡಕ್ಕಾಗಕಿಲ್ವಾ? ಹೊಸ ಮುಯ್ಯಿ ಬ್ಯಾಡ. ನಂದೊಂದ್ ಬಾಕಿ ಐತಲ್ಲ, ಅದೊಂದ ತೀರಿಸ್ಬುಡ್ತೀನಿ."

"ನನ್ನ ಕೈಲಿಲ್ಲ ಶಿವಲಿಂಗು" ಅಂದೆ. ನನ್ನ ಕೈಯೇ ಬರೆದದ್ದನ್ನು ನನ್ನ ಕೈಲಿಲ್ಲ ಅಂದೆ. ಅವನು, "ಆಯ್ತು ಬುಡಿ ಅಕ್ಕ, ನೀವಾದ್ರೂ ಏನ್ ಮಾಡೀರಿ" ಎಂದು ಹೋದ. ಬೈದಿದ್ದರೆ ಚೆನ್ನಾಗಿತ್ತು.

ರಂಜಾನ್ ಬಂತು. ನವಾಜನಿಗೆ ಸೆಕೆಂಡ್ ಶಿಫ್ಟು ಬಿದ್ದ ವಾರ ನಾನು ಸಂಜೆಯ ಬಸ್ಸಿಗೆ ಹೊರಟಾಗ ಗೇಟಿನ ಪಕ್ಕದಲ್ಲಿ ಅವರಿಬ್ಬರನ್ನೂ ಕಂಡೆ. ಶಿವಲಿಂಗುವಿನ ಪಾಳಿ ಮಧ್ಯಾಹ್ನವೇ ಮುಗಿದಿತ್ತು; ಊರಿಗೆ ಹೋಗದೆ ಅಷ್ಟು ಹೊತ್ತೂ ಎದುರಿನ ಟೀ ಅಂಗಡಿಯಲ್ಲಿ ಕಾದಿದ್ದ. ಒಳಗೆ ಸರಳುಗಳ ಆಚೆ ನವಾಜ್ ಕುಕ್ಕುರುಗಾಲಲ್ಲಿ ಕೂತಿದ್ದ. ಹೊರಗಿನಿಂದ ಇವನು ಖರ್ಜೂರದ ಡಬ್ಬಿ, ನೀರಿನ ಬಾಟಲಿ ಒಳಗೆ ಚಾಚುತ್ತಿದ್ದ. ಬಸ್ಸು ಅಲ್ಲೇ ತಿರುಗಬೇಕು, ಹಾಗಾಗಿ ದಿನವೂ ಕಂಡೆ. ಎರಡನೆಯ ದಿನದಿಂದ ನಾನು ಆಚೆ ಬದಿಯ ಸೀಟಿನಲ್ಲಿ ಕೂರತೊಡಗಿದೆ.

ವರ್ಷ ಮುಗಿಯುವ ಮೊದಲೇ ನನ್ನ ಕೆಲಸ ಖಾಯಂ ಆಯಿತು. ಮುಂದಿನ ಬೆಳೆಗೆ ಶಿವಲಿಂಗುವಿನ ತಾಯಿ ಒಬ್ಬರೇ ಹೆಣಗಾಡಿ, ಅರ್ಧ ಹುಳ ಚಂದ್ರಿಕೆ ಸೇರಲೇ ಇಲ್ಲವಂತೆ. ಆಮೇಲೆ ಒಂದು ದಿನ ಚಿಕ್ಕಣ್ಣನವರು ಯಾರಿಗೋ ಹೇಳುವವರಂತೆ ಗೋಡೆಯ ಕಡೆ ನೋಡುತ್ತ, "ಶಿವಲಿಂಗು ಅವ್ವ ಸೊಪ್ಪಿನ್ ತೋಟ ಕೀಳಿಸ್ಬುಟ್ಲಂತೆ" ಅಂದರು. ಅಷ್ಟೇ ಅಂದದ್ದು. ಅವರು ನನ್ನನ್ನು 'ಅವ್ವ' ಅನ್ನುವುದನ್ನು ಯಾವಾಗ ಬಿಟ್ಟು 'ಮೇಡಂ' ಅನ್ನಲು ಶುರುಮಾಡಿದರೋ ನನಗೆ ನೆನಪಿಲ್ಲ. ಎರಡು ವರ್ಷದ ನಂತರ ನಾನು ಬೇರೆ ಊರಿಗೆ, ಒಳ್ಳೆಯ ಕೆಲಸಕ್ಕೆ ಹೋದೆ. ಹೊರಡುವ ದಿನ ಸುಮ್ಮನೆ ಆ ಟೇಬಲ್ ತೆರೆದು ನೋಡಿದೆ. ಆ ಎರಡು ಹೆಸರುಗಳ ಮುಂದೆ ಇನ್ನೂ 'ಬಾಕಿ' ಎಂದೇ ಇತ್ತು.

ರೈಲು ಹೊರಟಿತು, ವಾಸನೆ ಹಿಂದೆ ಉಳಿಯಿತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಆ ಹುಡುಗಿಗೆ ನಾನು ಹೇಳಬೇಕಾಗಿದ್ದ ದಿನ, ಮ್ಯಾನೇಜರಿಗೆ 'ಆಗುತ್ತೆ ಸರ್' ಎಂದು ಬಂದು ಕೂತ ದಿನ. ಪುಸ್ತಕ ಬ್ಯಾಗಿನಲ್ಲೇ ಇತ್ತು, ಹೊರಗೆ ತೆಗೆಯಲೇ ಇಲ್ಲ. ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಮೊದಲೇ ಬರೆದು ಮುಗಿಸಿದೆ. ಪರೀಕ್ಷೆ ಮಾಡಲು ಯಾವುದಾದರೂ ಎರಡು ಹೆಸರು ಹಾಕಬೇಕಿತ್ತು. ಬೆರಳುಗಳಿಗೆ ಅಭ್ಯಾಸವಾಗಿದ್ದ ಎರಡು ಹೆಸರುಗಳನ್ನೇ ಹಾಕಿದೆ, ನವಾಜನ ಪಾಳಿಗೆ ಶಿವಲಿಂಗು. 'ಅನುಮತಿ ಇಲ್ಲ' ಎಂದು ಬಂತು. ಒಂದೇ ಒಂದು ಎರರ್ ಇಲ್ಲದೆ, ಮೊದಲ ಸಲಕ್ಕೇ.